ಎಳೆಮಗುವಿನ ಇಸಬು: ಯಾವಾಗ, ಯಾವ ತಜ್ಞರ ಬಳಿ?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಚಿಕಿತ್ಸಾಲಯದ ಬಾಗಿಲು ಹಾಕುವ ಹೊತ್ತಿಗೆ ಯುವ ದಂಪತಿಗಳು ಏಳು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಬಂದರು. ಜೊತೆಯಲ್ಲಿ ಅಜ್ಜಿಯೂ ಇದ್ದರು. ಕೆರೆದುಕೊಳ್ಳದಿರಲಿ ಎಂದು ಮಗುವಿನ ಎರಡೂ ಕೈಗಳಿಗೆ ಹಳೆಯ ಕಾಲುಚೀಲ ತೊಡಿಸಿ ದಾರ ಕಟ್ಟಿದ್ದರು. ಆದರೂ ಅದು ತಾಯಿಯ ಹೆಗಲಿಗೆ ಕೆನ್ನೆಯನ್ನು ಉಜ್ಜುತ್ತಲೇ ಇತ್ತು. ಆಕೆಯ ಬಟ್ಟೆಯ ಮೇಲೆ ಅಲ್ಲಲ್ಲಿ ರಕ್ತದ ಕಲೆ. ಮಗುವಿನ ಕೆನ್ನೆ, ಹಣೆ, ತಲೆ, ಮೊಣಕೈ, ಮೊಣಕಾಲುಗಳೆಲ್ಲ ಕೆಂಪಗೆ ಬಿರಿದು ನೀರು ಒಸರುತ್ತಿತ್ತು. ಮಗು ರಾತ್ರಿ ಸರಿಯಾಗಿ ಮಲಗಿ ಎರಡು ತಿಂಗಳಾಯಿತು ಎಂದರು. ಮನೆಯವರು ಮಲಗಿಯೂ ಅಷ್ಟೇ ದಿನವಾಗಿತ್ತು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ತಂದೆ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಹನ್ನೊಂದು ಮುಲಾಮಿನ ಟ್ಯೂಬುಗಳು, ಮೂರು ಬಗೆಯ ಸಿರಪ್, ಡಬ್ಬಿಯಲ್ಲಿ ಯಾರೋ ಅರೆದುಕೊಟ್ಟ ಹಸಿರು ಲೇಪ. ಜೊತೆಗೆ ಪ್ರಯೋಗಾಲಯದ ನಾಲ್ಕು ಪುಟಗಳ ವರದಿ. ಹಲವಾರು ಸಾವಿರ ರೂಪಾಯಿ ತೆತ್ತು ಮಾಡಿಸಿದ ರಕ್ತಪರೀಕ್ಷೆ ಅದು. ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ತೊಗರಿ, ತೆಂಗು ಎಂದು ಇಪ್ಪತ್ತಕ್ಕೂ ಹೆಚ್ಚು ಪದಾರ್ಥಗಳ ಮುಂದೆ 'ಪಾಸಿಟಿವ್' ಎಂದು ಅಚ್ಚಾಗಿತ್ತು. ಆ ಪಟ್ಟಿಯನ್ನು ನೋಡಿದ ಮೇಲೆ ಮಗುವಿಗೆ ತಾಯಿಯ ಹಾಲು ಮತ್ತು ಗಂಜಿಯ ತಿಳಿ ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ. ತಾಯಿಯೂ ಅನ್ನ, ಮೆಣಸಿನ ಸಾರಿನಲ್ಲೇ ದಿನ ದೂಡುತ್ತಿದ್ದರು. 'ಬಾಣಂತೀಲಿ ಬದನೇಕಾಯಿ ತಿಂದಳು ಡಾಕ್ಟ್ರೇ, ಅದಕ್ಕೇ ಮಗೂಗೆ ನಂಜಾಯ್ತು' ಎಂದು ಅಜ್ಜಿ ಹೇಳಿದಾಗ ಸೊಸೆ ತಲೆ ತಗ್ಗಿಸಿದರು.

ಮಗುವನ್ನು ತೂಗಿದೆ. 6 ಕಿಲೋ 200 ಗ್ರಾಂ. ತಾಯಿ ಕಾರ್ಡಿನಲ್ಲಿ ಐದನೆಯ ತಿಂಗಳ ತೂಕ ಆರೂವರೆ ಕಿಲೋ ಎಂದು ಬರೆದಿತ್ತು. ಏಳು ತಿಂಗಳ ಗಂಡುಮಗು ಸಾಮಾನ್ಯವಾಗಿ 8 ಕಿಲೋ ದಾಟಿರಬೇಕು.

'ಅಲರ್ಜಿಗೆ ದೊಡ್ಡ ಸ್ಪೆಷಲಿಸ್ಟ್ ಎಲ್ಲಿದಾರೆ ಹೇಳಿ ಡಾಕ್ಟ್ರೇ, ಎಷ್ಟು ದೂರ ಆದ್ರೂ ಹೋಗ್ತೀವಿ' ಎಂದರು ತಂದೆ.

ಇದೇ ಪ್ರಶ್ನೆಯನ್ನು ಹಲವು ಮನೆಗಳವರು ನನ್ನನ್ನು ಕೇಳಿದ್ದಾರೆ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ತಜ್ಞರನ್ನು ಹುಡುಕಬೇಕು ಎಂಬುದು ಸರಿ. ಆದರೆ ಮೊದಲು ಯಾರನ್ನು, ಆಮೇಲೆ ಯಾರನ್ನು ಎಂಬ ಅನುಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಮಗುವೂ ಸೊರಗುತ್ತದೆ. ಈ ಮಗುವಿಗೆ ಮೊದಲು ಬೇಕಾಗಿದ್ದುದು ಅಲರ್ಜಿ ತಜ್ಞರಲ್ಲ, ಚರ್ಮರೋಗ ತಜ್ಞರು.

ಅಲರ್ಜಿಯಿಂದ ಇಸಬೋ, ಇಸಬಿನಿಂದ ಅಲರ್ಜಿಯೋ?

ಎಳೆಮಕ್ಕಳಲ್ಲಿ ಕಾಣುವ ಈ ಇಸಬನ್ನು ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಕೆನ್ನೆಯಿಂದ ಆರಂಭವಾಗುತ್ತದೆ. ಆಮೇಲೆ ತಲೆ, ಕೈಕಾಲುಗಳ ಹೊರಮೈಗೆ ಹರಡುತ್ತದೆ. ಲಂಗೋಟಿ ಕಟ್ಟುವ ಜಾಗ ಮಾತ್ರ ಹೆಚ್ಚಾಗಿ ಉಳಿದುಕೊಳ್ಳುತ್ತದೆ. ಮಗು ದೊಡ್ಡದಾದಂತೆ ಮೊಣಕೈ, ಮಂಡಿಗಳ ಮಡಿಕೆಗೆ ಬಂದು ಕೂರುತ್ತದೆ. ತಾಯಿ, ತಂದೆ ಅಥವಾ ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಉಬ್ಬಸ, ಸದಾ ಸೀನು ಬರುವ ನೆಗಡಿ ಅಥವಾ ಇಸಬು ಇರುವುದು ಸಾಮಾನ್ಯ. ಇದು ಅಂಟುರೋಗವಲ್ಲ. ರಕ್ತ ಕೆಟ್ಟಿದ್ದರಿಂದ ಬಂದದ್ದೂ ಅಲ್ಲ. ಬದನೆಕಾಯಿಯ ತಪ್ಪಂತೂ ಖಂಡಿತ ಅಲ್ಲ.

ಒಳ್ಳೆಯ ಚರ್ಮವನ್ನು ಗಟ್ಟಿ ಗಾರೆ ಹಾಕಿ ಕಟ್ಟಿದ ಗೋಡೆಗೆ ಹೋಲಿಸಬಹುದು. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಧೂಳು, ಕ್ರಿಮಿ ಒಳಗೆ ಬಾರದಂತೆ ಅದು ಕಾಯುತ್ತದೆ. ಇಸಬಿನ ಮಗುವಿನಲ್ಲಿ ಈ ಗಾರೆ ಉದುರಿರುತ್ತದೆ. ಚರ್ಮವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಇಸಬು ಬರುವ ಸಂಭವ ಹೆಚ್ಚು ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ತೋರಿಸಿತು. ಅಂದರೆ ಎಷ್ಟೋ ಮಕ್ಕಳಲ್ಲಿ ಮೊದಲು ಕೆಡುವುದು ಚರ್ಮ. ಅಲರ್ಜಿ ಅದರ ಬೆನ್ನ ಹಿಂದೆ ಬರುತ್ತದೆ.

ಹೇಗೆಂದರೆ, ಬಾಯಿಯ ಮೂಲಕ ಹೊಟ್ಟೆಗೆ ಹೋದ ಆಹಾರವನ್ನು ಮಗುವಿನ ದೇಹ 'ನಮ್ಮದು' ಎಂದು ಒಪ್ಪಿಕೊಳ್ಳುತ್ತದೆ. ಅದೇ ಆಹಾರದ ಕಣಗಳು ಒಡೆದ ಚರ್ಮದ ಮೂಲಕ ಮೊದಲು ಒಳನುಗ್ಗಿದರೆ 'ಶತ್ರು' ಎಂದು ಗುರುತಿಟ್ಟುಕೊಳ್ಳುತ್ತದೆ. ಕಡಲೆಕಾಯಿ ಎಣ್ಣೆ ಬೆರೆತ ಮುಲಾಮು ಹಚ್ಚಿಸಿಕೊಂಡ ಇಸಬಿನ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚಾಗಿ ಕಂಡದ್ದನ್ನು ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ್ದರು. ನಮ್ಮ ಮನೆಗಳಲ್ಲಿ ಮಗುವಿನ ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಬಾದಾಮಿ ಎಣ್ಣೆ ತಿಕ್ಕುವ ರೂಢಿಯಿದೆ. ಚೆನ್ನಾಗಿರುವ ಚರ್ಮಕ್ಕೆ ಏನಾದರೂ ಮಾಡಿಕೊಳ್ಳಿ, ಬಿರಿದು ಒಸರುವ ಚರ್ಮಕ್ಕೆ ಮಾತ್ರ ತಿನ್ನುವ ಪದಾರ್ಥಗಳನ್ನು ತಿಕ್ಕಬೇಡಿ.

ಇಸಬು ತೀವ್ರವಾಗಿರುವ ಶಿಶುಗಳಲ್ಲಿ ಆಹಾರದ ಅಲರ್ಜಿ ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಇದು ನಿಜ. ಆದರೆ ರಕ್ತಪರೀಕ್ಷೆಯಲ್ಲಿ 'ಪಾಸಿಟಿವ್' ಬಂದ ಮಾತ್ರಕ್ಕೆ ಅಲರ್ಜಿ ಇದೆಯೆಂದು ಅರ್ಥವಲ್ಲ. ದೇಹ ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅದು ಹೇಳುತ್ತದೆ. ತಿಂದರೆ ತೊಂದರೆಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಇಸಬಿನ ಮಗುವಿನ ರಕ್ತದಲ್ಲಿ ಇಂಥ ಗುರುತುಗಳು ಬೇಕಾದಷ್ಟು ಇರುತ್ತವೆ. ಹಾಗಾಗಿ ತೊಂಬತ್ತು, ನೂರು ಪದಾರ್ಥಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ ಮಾಡಿಸಿದರೆ ಇಪ್ಪತ್ತು ಪಾಸಿಟಿವ್ ಬರುವುದು ಆಶ್ಚರ್ಯವಲ್ಲ. ಐಜಿಜಿ ಎಂಬ ಹೆಸರಿನಲ್ಲಿ ಮಾಡುವ ಆಹಾರ ಪರೀಕ್ಷೆಯಂತೂ ಅಲರ್ಜಿ ಪತ್ತೆಗೆ ನಿಷ್ಪ್ರಯೋಜಕ. ತಂದೆಯ ಕೈಯಲ್ಲಿದ್ದ ನಾಲ್ಕು ಪುಟಗಳ ವರದಿಗಿಂತ ನಾನು ಕೇಳಿದ ಒಂದು ಪ್ರಶ್ನೆ ಹೆಚ್ಚು ಹೇಳಿತು: 'ಏನನ್ನು ತಿನ್ನಿಸಿದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತಗಂಧೆಯಂತೆ ದದ್ದು ಎದ್ದಿತು, ತುಟಿ ಊದಿತು, ವಾಂತಿಯಾಯಿತು?' ಒಮ್ಮೆ ಮಾತ್ರ, ಆರನೆಯ ತಿಂಗಳಲ್ಲಿ ಮೊಟ್ಟೆ ಕೊಟ್ಟಾಗ ಎಂದು ತಾಯಿ ನೆನಪಿಸಿಕೊಂಡರು. ತೊಗರಿ, ತೆಂಗು, ಗೋಧಿಗಳಿಂದ ಎಂದೂ ಏನೂ ಆಗಿರಲಿಲ್ಲ.

ಊಟ ಬಿಡಿಸುವ ಚಟ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿ ಆರಂಭಿಸಿದ ಹೊಸದರಲ್ಲಿ ಇಸಬಿದ್ದ ಹತ್ತು ತಿಂಗಳ ಹೆಣ್ಣುಮಗುವೊಂದರ ತಾಯಿಗೆ 'ಹಾಲು ಬಿಡಿಸಿ ನೋಡಿ' ಎಂದು ಹೇಳಿ ಕಳಿಸಿದ್ದೆ. ಎಷ್ಟು ದಿನ ಎಂದು ಹೇಳಲಿಲ್ಲ. ಬದಲಿಗೆ ಏನು ಕೊಡಬೇಕೆಂದೂ ಹೇಳಲಿಲ್ಲ. ಆಕೆ ನನ್ನ ಮಾತನ್ನು ಶ್ರದ್ಧೆಯಿಂದ ಪಾಲಿಸಿದರು. ಹಾಲಿನ ಜೊತೆಗೆ ಮೊಸರು, ಬೇಳೆ ಎಲ್ಲವೂ ಹೋದವು. ನಾಲ್ಕು ತಿಂಗಳ ನಂತರ ಮಗುವಿಗೆ ಪಾದ, ಮುಖ ಊದಿಕೊಂಡು, ಕೂದಲು ಕೆಂಚಗಾಗಿ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕಾಯಿತು. ಪ್ರೋಟೀನಿನ ಕೊರತೆ. ಮಗು ಉಳಿಯಿತು. ಆ ಇಸಬು ಮಾತ್ರ ಹಾಲು ಬಿಟ್ಟಿದ್ದರಿಂದ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಆದ್ದರಿಂದ ನೀವಾಗಿಯೇ ಮಗುವಿನ ಆಹಾರವನ್ನು ಒಂದೊಂದಾಗಿ ಬಿಡಿಸುತ್ತ ಹೋಗಬೇಡಿ. ತಜ್ಞರು ಒಂದು ಪದಾರ್ಥವನ್ನು ನಿಲ್ಲಿಸಲು ಹೇಳಿದರೆ, ಎಷ್ಟು ವಾರ, ಅದರ ಬದಲು ಏನು, ಮತ್ತೆ ಯಾವಾಗ ಕೊಟ್ಟು ನೋಡಬೇಕು ಎಂಬ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಹಸುವಿನ ಹಾಲು ಒಗ್ಗದ ಮಗುವಿಗೆ ಮೇಕೆಯ ಹಾಲು ಕೊಡುವುದು ನಮ್ಮಲ್ಲಿ ವಾಡಿಕೆ. ಎರಡು ಹಾಲುಗಳ ಪ್ರೋಟೀನುಗಳೂ ಅಕ್ಕತಂಗಿಯರಂತೆ. ಒಂದು ಒಗ್ಗದವರಲ್ಲಿ ಬಹುಪಾಲು ಮಕ್ಕಳಿಗೆ ಇನ್ನೊಂದೂ ಒಗ್ಗುವುದಿಲ್ಲ. ಎಮ್ಮೆ ಹಾಲಿಗೂ ಇದೇ ಮಾತು. ಎದೆಹಾಲನ್ನು ನಿಲ್ಲಿಸಬೇಡಿ. ಬಾಣಂತಿಯ ಪಥ್ಯವೂ ಅಷ್ಟೇ. ಆಕೆ ಹೊಟ್ಟೆ ತುಂಬ ಉಣ್ಣಲಿ.

ಕಡಲೆಕಾಯಿಯ ವಿಷಯದಲ್ಲಿ ವೈದ್ಯರ ತಿಳಿವಳಿಕೆ ತಲೆಕೆಳಗಾದ ಕಥೆ ಸ್ವಾರಸ್ಯಕರ. ಒಂದು ಕಾಲದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಸೋಕಿಸಬೇಡಿ ಎಂದು ಸಲಹೆ ಕೊಡುತ್ತಿದ್ದರು. ಅದೇ ಗಿಡಿಯನ್ ಲ್ಯಾಕ್ ಅವರ ತಂಡ ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ ವಯಸ್ಸಿನ 640 ಶಿಶುಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಕಡಲೆಕಾಯಿ ಕೊಡಲಿಲ್ಲ, ಇನ್ನೊಂದಕ್ಕೆ ವಾರವಾರವೂ ಕೊಟ್ಟರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷ ತುಂಬುವಾಗ ತಿನ್ನದೆ ಉಳಿದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇತ್ತು. ತಿಂದ ಗುಂಪಿನಲ್ಲಿ ಅದು ನೂರಕ್ಕೆ 3ರಷ್ಟು ಮಾತ್ರ. ಹೆದರಿ ದೂರ ಇಟ್ಟದ್ದೇ ಅಲರ್ಜಿಗೆ ದಾರಿ ಮಾಡಿಕೊಟ್ಟಿತ್ತು! ಹಾಗೆಂದು ಇಸಬು ತೀವ್ರವಾಗಿರುವ ಮಗುವಿಗೆ ನಾಳೆಯೇ ಮನೆಯಲ್ಲಿ ಕಡಲೆಕಾಯಿ ತಿನ್ನಿಸಿಬಿಡಬೇಡಿ. ಆ ಅಧ್ಯಯನದಲ್ಲಿ ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡಿ, ವೈದ್ಯರ ಎದುರಿನಲ್ಲೇ ಮೊದಲ ಸಲ ಕೊಟ್ಟಿದ್ದರು. ಇಡೀ ಬೀಜವನ್ನಂತೂ ಯಾವ ಶಿಶುವಿಗೂ ಕೊಡಬಾರದು, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಸ್ಟಿರಾಯ್ಡ್ ಎಂಬ ಗುಮ್ಮ

ಆ ಹನ್ನೊಂದು ಟ್ಯೂಬುಗಳಲ್ಲಿ ನಾಲ್ಕು ಒಂದೇ ಬಗೆಯವು. ಬಹಳ ಪ್ರಬಲವಾದ ಸ್ಟಿರಾಯ್ಡ್, ಅದರ ಜೊತೆ ಶಿಲೀಂಧ್ರನಾಶಕ, ಮೇಲೊಂದಿಷ್ಟು ಆಂಟಿಬಯಾಟಿಕ್ ಕಲಸಿದ ಮುಲಾಮು. ಔಷಧಿ ಅಂಗಡಿಯವರೇ ಕೊಟ್ಟದ್ದು. ಹಚ್ಚಿದ ಎರಡೇ ದಿನಕ್ಕೆ ಮುಖ ತಿಳಿಯಾಗುತ್ತಿತ್ತು, ಬಿಟ್ಟ ವಾರಕ್ಕೆ ಮೊದಲಿಗಿಂತ ಜೋರಾಗಿ ಏಳುತ್ತಿತ್ತು. ಇಂಥ ಮುಲಾಮನ್ನು ಶಿಶುವಿನ ಮುಖಕ್ಕೆ, ಲಂಗೋಟಿಯೊಳಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಔಷಧಿ ರಕ್ತಕ್ಕೂ ಸೇರಿ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಹಲವು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿದೆ. ಅಂಗಡಿಯಲ್ಲಿ ಕೇಳಿದರೆ ಸಿಗುವುದು ಮಾತ್ರ ನಿಂತಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಚರ್ಮರೋಗ ತಜ್ಞರು ಬರೆದುಕೊಟ್ಟ ಸೌಮ್ಯ ಸ್ಟಿರಾಯ್ಡ್ ಮುಲಾಮಿನ ಟ್ಯೂಬು ಅದೇ ಚೀಲದಲ್ಲಿ ಸೀಲು ಒಡೆಯದೆ ಬಿದ್ದಿತ್ತು. ಯಾರೋ ನೆಂಟರು 'ಅದು ಸ್ಟಿರಾಯ್ಡ್, ಮುಟ್ಟಬೇಡಿ' ಎಂದಿದ್ದರಂತೆ. ಹೆದರಬೇಕಾದದ್ದನ್ನು ಧಾರಾಳವಾಗಿ ಹಚ್ಚಿ, ಬೇಕಾದದ್ದನ್ನು ಹೆದರಿ ಎತ್ತಿಟ್ಟಿದ್ದರು. ಮಗುವಿನ ವಯಸ್ಸಿಗೆ, ಜಾಗಕ್ಕೆ ತಕ್ಕ ಶಕ್ತಿಯ ಮುಲಾಮನ್ನು, ತಕ್ಕಷ್ಟು ದಿನ ಹಚ್ಚಿದರೆ ಹಾನಿಯಿಲ್ಲ. 1952ರಿಂದ ಈ ಮುಲಾಮುಗಳು ಬಳಕೆಯಲ್ಲಿವೆ. ಇಂದಿಗೂ ಇಸಬಿನ ಚಿಕಿತ್ಸೆಯ ಬೆನ್ನೆಲುಬು ಅವೇ. ಎಷ್ಟು ಹಚ್ಚಬೇಕು ಎಂಬುದಕ್ಕೆ ಒಂದು ಅಳತೆ ಇದೆ. ನಿಮ್ಮ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ನಿಮ್ಮ ಎರಡು ಅಂಗೈಗಳಷ್ಟು ಅಗಲದ ಚರ್ಮಕ್ಕೆ ಅದು ಸಾಕು.

ಹೊರಗೆ ಮುಲಾಮು ಹಚ್ಚಿದರೆ ರೋಗ ಒಳಕ್ಕೆ ಹೋಗಿ ಉಬ್ಬಸವಾಗುತ್ತದೆ ಎಂದು ಹಲವರು ನಂಬುತ್ತಾರೆ. ಇಸಬಿದ್ದ ಕೆಲವು ಮಕ್ಕಳಿಗೆ ಮುಂದೆ ಉಬ್ಬಸ ಬರುವುದು ನಿಜ. ಅದು ಒಂದೇ ಪ್ರವೃತ್ತಿಯ ಮುಂದಿನ ಹೆಜ್ಜೆ, ಮುಲಾಮು ಹಚ್ಚಿದ್ದರ ಫಲವಲ್ಲ. ಇಸಬಿಗೆ ನಾಗದೋಷ ಎಂದು ಸರ್ಪಸಂಸ್ಕಾರ ಮಾಡಿಸಲು ಹೊರಟವರನ್ನು ನಾನು ತಡೆಯುವುದಿಲ್ಲ. ಮಾಡಿಸಿಕೊಂಡು ಬನ್ನಿ, ಪ್ರಯಾಣದಲ್ಲಿ ಮುಲಾಮು ತಪ್ಪಿಸಬೇಡಿ ಎನ್ನುತ್ತೇನೆ, ಅಷ್ಟೆ.

ತಜ್ಞರನ್ನು ನೋಡುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೆ ಮುಖ್ಯವಾದದ್ದು. ಹಂಡೆಯಲ್ಲಿ ಕುದಿಯುವ ನೀರು ಬೆರೆಸಿ ಮಗುವಿನ ಮೈ ಕೆಂಪೇರುವಂತೆ ಎರೆಯುವುದನ್ನು ನಿಲ್ಲಿಸಿ. ನೀರೆರೆಯುವ ಅಜ್ಜಿಗೆ ಬೇಸರವಾದರೂ ಸರಿ. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ಹಸಿಯಾಗಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನೋ ಮೈತುಂಬ ಬಳಿಯುವುದು. ಮೈಯೆಲ್ಲ ಇಸಬಿರುವ ಶಿಶುವಿಗೆ ವಾರಕ್ಕೆ ನೂರು ಗ್ರಾಂ ಬೇಕಾದೀತು. ಸಣ್ಣ ಡಬ್ಬಿ ಒಂದು ತಿಂಗಳು ಬಂತೆಂದರೆ ನೀವು ಹಚ್ಚುತ್ತಿರುವುದು ಸಾಲದು. ಒಣಗಿದ ಚರ್ಮಕ್ಕೆ ಶುದ್ಧ ಕೊಬ್ಬರಿ ಎಣ್ಣೆಯೂ ಆದೀತು, ಒಸರುವ ಜಾಗಕ್ಕೆ ಬೇಡ. ಸಾಂಬ್ರಾಣಿ ಹೊಗೆ, ಪೌಡರ್, ಉಣ್ಣೆಯ ಕುಲಾವಿ ಬೇಡ. ಉಗುರು ಕತ್ತರಿಸಿ.

ಯಾವ ತಜ್ಞರು?

ಇಸಬು ಅಲ್ಪಸ್ವಲ್ಪವಿದ್ದರೆ ನಿಮ್ಮ ಕುಟುಂಬ ವೈದ್ಯರು ಅಥವಾ ಮಕ್ಕಳ ತಜ್ಞರೇ ನೋಡಿಕೊಳ್ಳಬಲ್ಲರು. ಸರಿಯಾದ ಚಿಕಿತ್ಸೆಯನ್ನು ಸರಿಯಾಗಿ ಮಾಡಿಯೂ ತೀವ್ರ ಇಸಬು ಒಂದು ವಾರದಲ್ಲಿ ಇಳಿಮುಖವಾಗದಿದ್ದರೆ ಎರಡು ವಾರದೊಳಗೆ ಚರ್ಮರೋಗ ತಜ್ಞರು ನೋಡಬೇಕು ಎಂದು ಬ್ರಿಟನ್ನಿನಲ್ಲಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ನಮಗೂ ಅದು ಒಳ್ಳೆಯ ಅಳತೆಗೋಲು. ತೂಕ ಏರದಿದ್ದರೆ, ಮಗುವಿಗೂ ಮನೆಗೂ ನಿದ್ದೆಯಿಲ್ಲದಿದ್ದರೆ, ಮುಖದ ಮೇಲಿನ ಇಸಬು ಹತೋಟಿಗೆ ಬಾರದಿದ್ದರೆ ಕಾಯುತ್ತ ಕೂರಬೇಡಿ. ನಿಮ್ಮ ವೈದ್ಯರನ್ನು 'ತಜ್ಞರಿಗೆ ಒಂದು ಪತ್ರ ಬರೆದುಕೊಡಿ' ಎಂದು ಕೇಳಲು ಸಂಕೋಚ ಬೇಡ. ನಮ್ಮಂಥ ಸಾಮಾನ್ಯ ವೈದ್ಯರು ಅದನ್ನು ಅವಮಾನವೆಂದು ಭಾವಿಸಬಾರದು. ಭಾವಿಸುವವರಿದ್ದರೆ ಪತ್ರವಿಲ್ಲದೆಯೇ ಹೋಗಿ.

ಚರ್ಮರೋಗ ತಜ್ಞರ ಫಲಕದಲ್ಲಿ ಎಂಬಿಬಿಎಸ್ ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇದೆಯೇ ನೋಡಿ. ಕೂದಲು, ಸೌಂದರ್ಯಕ್ಕೆ ಮೀಸಲಾದ ಹೊಳೆಯುವ ಕ್ಲಿನಿಕ್ಕುಗಳೇ ಈಗ ಪೇಟೆಯ ತುಂಬ ಇವೆ. ಎಳೆಮಕ್ಕಳನ್ನು ನೋಡುತ್ತಾರೆಯೇ ಎಂದು ಫೋನು ಮಾಡಿ ಕೇಳಿಕೊಂಡು ಹೋಗಿ. ಖಾಸಗಿಯವರಿಗೆ ಹಣ ತೆರಲಾರದವರು ಚಿಂತಿಸಬೇಕಿಲ್ಲ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎಂದಮೇಲೆ ಅಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬಳ್ಳಾರಿ, ರಾಯಚೂರು, ಬೀದರ್, ಶಿವಮೊಗ್ಗ, ಹಾಸನ, ಮಂಡ್ಯಗಳಲ್ಲೆಲ್ಲ ಸರ್ಕಾರಿ ಕಾಲೇಜುಗಳಿವೆ. ಅಲ್ಲಿ ಸಾಲು ಉದ್ದ, ಬೆಂಚು ಗಟ್ಟಿ, ನಿಜ. ಆದರೆ ಮಕ್ಕಳ ವಿಭಾಗವೂ ಅದೇ ಆವರಣದಲ್ಲಿರುವುದರಿಂದ ಇಬ್ಬರೂ ಸೇರಿ ನೋಡಬಹುದು, ಬೇಕಾದರೆ ಒಳಗೆ ಸೇರಿಸಿಕೊಳ್ಳಬಹುದು. ಮಕ್ಕಳ ಚರ್ಮರೋಗಕ್ಕೆಂದೇ ಪ್ರತ್ಯೇಕ ವಿಭಾಗ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿದೆ.

ತಜ್ಞರು ಮೊದಲು ಮಾಡುವ ಕೆಲಸ ಇದು ಇಸಬು ಹೌದೋ ಅಲ್ಲವೋ ಎಂದು ನೋಡುವುದು. ಮನೆಯಲ್ಲಿ ಬೇರೆಯವರಿಗೂ ರಾತ್ರಿ ತುರಿಕೆಯಿದ್ದು, ಮಗುವಿನ ಅಂಗೈ, ಅಂಗಾಲಿನಲ್ಲಿ ಗುಳ್ಳೆಗಳಿದ್ದರೆ ಅದು ಹುಳುಕಡ್ಡಿಯಲ್ಲ, ಇಸಬೂ ಅಲ್ಲ, ತುರಿಕಜ್ಜಿ ಇರಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಹಚ್ಚಿಕೊಂಡರೆ ವಾಸಿಯಾಗುತ್ತದೆ. ಬಾಯಿ, ಗುದದ್ವಾರ, ಬೆರಳುಗಳ ಸುತ್ತ ಮಾತ್ರ ಹುಣ್ಣಾಗಿ, ಭೇದಿಯಿದ್ದು, ಕೂದಲು ಉದುರುತ್ತಿದ್ದರೆ ಸತುವಿನ ಕೊರತೆಯನ್ನು ನೆನೆಯಬೇಕು. ಸತುವನ್ನು ಕರುಳು ಹೀರಿಕೊಳ್ಳದ ಆನುವಂಶಿಕ ರೋಗವೊಂದಿದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮದುವೆ ಮಾಡುವ ಮನೆಗಳಲ್ಲಿ ಇಂಥವುಗಳ ಸಂಭವ ಹೆಚ್ಚು. ಸತುವಿನ ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಮಗು ಬೇರೆಯೇ ಮಗುವಾಗುತ್ತದೆ. ಇಸಬಿನ ಜೊತೆಗೆ ಪದೇ ಪದೇ ಕಿವಿ ಸೋರಿಕೆ, ನ್ಯುಮೋನಿಯಾ, ಮೈಮೇಲೆ ರಕ್ತದ ಚುಕ್ಕೆಗಳು ಕಂಡರೆ ರೋಗನಿರೋಧಕ ಶಕ್ತಿಯ ಹುಟ್ಟುದೋಷವಿರಬಹುದು. ಅಂಥ ಮಕ್ಕಳನ್ನು ಚಂಡೀಗಢದ ಪಿಜಿಐ ಸಂಸ್ಥೆಯಂಥ ಕಡೆಗೆ ಕಳಿಸಬೇಕಾಗಬಹುದು. ಇವೆಲ್ಲ ಅಪರೂಪ. ಆದರೆ ತಜ್ಞರು ಬೇಕಾಗುವುದು ಇಂಥ ಅಪರೂಪದ್ದನ್ನು ಬೇರ್ಪಡಿಸುವುದಕ್ಕೇ.

ಇನ್ನು ಅಲರ್ಜಿ ತಜ್ಞರು. ನಮ್ಮಲ್ಲಿ ಅಲರ್ಜಿಯನ್ನೇ ಪ್ರತ್ಯೇಕ ಸ್ನಾತಕೋತ್ತರ ಪದವಿಯಾಗಿ ಓದಿದವರು ತೀರ ಕಡಿಮೆ. ಆ ಫಲಕ ಹಾಕಿದವರಲ್ಲಿ ಮಕ್ಕಳ ತಜ್ಞರು, ಶ್ವಾಸಕೋಶ ತಜ್ಞರು, ಕಿವಿ ಮೂಗು ಗಂಟಲಿನವರು ಎಲ್ಲರೂ ಇರುತ್ತಾರೆ. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ದೊಡ್ಡವರ ಧೂಳಿನ ಅಲರ್ಜಿ ನೋಡುವುದೇ ಬೇರೆ, ಶಿಶುವಿನ ಆಹಾರದ ಅಲರ್ಜಿಯೇ ಬೇರೆ. ಎರಡು ಪ್ರಶ್ನೆ ಕೇಳಿ. ಒಂದು, ಒಂದು ವರ್ಷದೊಳಗಿನ ಮಕ್ಕಳನ್ನು ನೋಡುತ್ತೀರಾ? ಎರಡು, ಅನುಮಾನವಿರುವ ಆಹಾರವನ್ನು ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ, ಕಾದು ನೋಡುವ ಪರೀಕ್ಷೆ ಮಾಡುತ್ತೀರಾ? ಆಹಾರದ ಅಲರ್ಜಿಯನ್ನು ಖಚಿತಪಡಿಸುವ ಪರೀಕ್ಷೆ ಅದೊಂದೇ. ಅಡ್ರಿನಾಲಿನ್ ಕೈಯಲ್ಲಿಟ್ಟುಕೊಂಡ ವೈದ್ಯರ ಎದುರಿನಲ್ಲಿ ಮಾತ್ರ ಮಾಡಬೇಕಾದದ್ದು, ಮನೆಯಲ್ಲಿ ಖಂಡಿತ ಅಲ್ಲ. ಏನನ್ನಾದರೂ ತಿಂದ ತಕ್ಷಣ ದದ್ದು, ಊತ, ವಾಂತಿ ಆದ ಮಗುವಿಗೆ, ಅಥವಾ ಚರ್ಮದ ಚಿಕಿತ್ಸೆ ಸರಿಯಾಗಿ ನಡೆದೂ ಇಸಬು ಬಗ್ಗದ ಮಗುವಿಗೆ ಅಲರ್ಜಿ ತಜ್ಞರು ಬೇಕು. ಉಳಿದವರಿಗೆ ಬೇಕಿಲ್ಲ.

ಅದೇ ದಿನ ಓಡಬೇಕಾದಾಗ

ಎರಡು ಸಂದರ್ಭಗಳಲ್ಲಿ ತಜ್ಞರ ಸರದಿಗಾಗಿ ಕಾಯುವಂತಿಲ್ಲ. ಮೊದಲನೆಯದು, ಇಸಬಿನ ಮೇಲೆ ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಉಳಿಯಿಂದ ಕೊರೆದಂತೆ ಸಣ್ಣ ದುಂಡನೆಯ ಹುಣ್ಣುಗಳಾಗುವುದು, ಜೊತೆಗೆ ಜ್ವರ, ಮಂಕು. ಜ್ವರ ಬಂದಾಗ ದೊಡ್ಡವರ ತುಟಿಯಂಚಿನಲ್ಲಿ ಏಳುವ ಗುಳ್ಳೆಯ ಹರ್ಪಿಸ್ ವೈರಸ್ಸೇ ಇದಕ್ಕೆ ಕಾರಣ. ತುಟಿಯಲ್ಲಿ ಗುಳ್ಳೆಯಿದ್ದವರು ಮಗುವಿಗೆ ಮುತ್ತಿಟ್ಟರೆ ಸಾಕು, ಬಿರಿದ ಚರ್ಮದಲ್ಲಿ ಅದು ಕಾಡ್ಗಿಚ್ಚಿನಂತೆ ಹಬ್ಬುತ್ತದೆ. ಇದನ್ನು 'ಅಮ್ಮ' ಎಂದುಕೊಂಡು ಬೇವಿನ ಸೊಪ್ಪು ಹಾಸಿ ಮನೆಯಲ್ಲಿ ಮಲಗಿಸಿದ್ದನ್ನು ಕಂಡಿದ್ದೇನೆ. ಕಣ್ಣು, ಮಿದುಳಿಗೆ ಏರಿದರೆ ಪ್ರಾಣಕ್ಕೇ ಅಪಾಯ. ಏಸೈಕ್ಲೋವಿರ್ ಎಂಬ ಔಷಧಿಯನ್ನು ಅಂದೇ ಆರಂಭಿಸಬೇಕು. ಎರಡನೆಯದು, ಏನನ್ನೋ ತಿಂದ ಕೆಲವೇ ಹೊತ್ತಿನಲ್ಲಿ ಮಗುವಿನ ಧ್ವನಿ ಗೊಗ್ಗರಾಗಿ, ಉಸಿರಾಟ ಗೊರಗೊರ ಎಂದು, ಮೈ ಬಿಳಿಚಿ ಜೋಲುವುದು. ಅಲರ್ಜಿಯ ಸಿರಪ್ ಕುಡಿಸುತ್ತ ಹೊತ್ತು ಕಳೆಯಬೇಡಿ. ತೊಡೆಯ ಸ್ನಾಯುವಿಗೆ ಅಡ್ರಿನಾಲಿನ್ ಚುಚ್ಚುಮದ್ದು ಕೊಡಬೇಕು. 108ಕ್ಕೆ ಫೋನು ಮಾಡಿ. ಅಂಥ ಮಗು ಮನೆಯಲ್ಲಿದ್ದರೆ ರಾತ್ರಿ ವೇಳೆ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ತಿಳಿದಿಟ್ಟುಕೊಳ್ಳಿ.

ಹೋಗುವಾಗ ಏನೇನು ಒಯ್ಯಬೇಕು?

ಇದುವರೆಗೆ ಹಚ್ಚಿದ, ಕುಡಿಸಿದ ಎಲ್ಲವನ್ನೂ ಒಯ್ಯಿರಿ. ಅಂಗಡಿಯವರು ಕೊಟ್ಟದ್ದು, ನಾಟಿ ಔಷಧಿ, ಹನಿಗಳು, ಯಾವುದನ್ನೂ ಮುಚ್ಚಿಡಬೇಡಿ. ಆ 'ಸಿಹಿ ಹನಿ' ಸ್ಟಿರಾಯ್ಡೇ ಆಗಿರಬಹುದು. ತಿಂಗಳಾನುಗಟ್ಟಲೆ ಕುಡಿಸಿದ್ದನ್ನು ದಿಢೀರನೆ ನಿಲ್ಲಿಸುವುದೂ ಅಪಾಯ, ಹಾಗಾಗಿ ತಜ್ಞರಿಗೆ ಅದು ತಿಳಿಯಲೇಬೇಕು. ತಾಯಿ ಕಾರ್ಡ್ ಮರೆಯಬೇಡಿ. ಇಸಬು ಉಲ್ಬಣಿಸಿದ ದಿನ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವೈದ್ಯರ ಮುಂದೆ ಕೂತ ದಿನವೇ ಮಗುವಿನ ಮುಖ ಚೆನ್ನಾಗಿರುವುದು ಲೋಕರೂಢಿ! ಒಂದು ನೋಟುಬುಕ್ಕಿನಲ್ಲಿ ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಎಂದು ಎರಡು ವಾರ ಬರೆಯಿ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಿದ್ದರೆ ಅಲರ್ಜಿಯ ಸಿರಪ್ಪನ್ನು ಕೆಲವು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂದು ಮೊದಲೇ ಕೇಳಿ. ಹೊರಡುವ ಮುನ್ನ ಯಾವ ಮುಲಾಮು ಎಲ್ಲಿಗೆ, ಎಷ್ಟು ದಿನ, ವಾಸಿಯಾದ ಮೇಲೆ ಏನು ಎಂದು ಬರೆಸಿಕೊಳ್ಳಿ. ಕೆಂಪು ಹೋದ ಮೇಲೂ ವಾರಕ್ಕೆ ಎರಡು ದಿನ ಮುಲಾಮು ಮುಂದುವರಿಸಲು ಹೇಳುವುದುಂಟು. ಅದನ್ನು ಬಿಟ್ಟುಬಿಡುವುದರಿಂದಲೇ ಬಹಳಷ್ಟು ಮಕ್ಕಳು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತಾರೆ. ಲಸಿಕೆಗಳನ್ನು ನಿಲ್ಲಿಸಬೇಡಿ. ಮೊಟ್ಟೆಯ ಅಲರ್ಜಿಯಿದ್ದರೂ ದಡಾರದ ಲಸಿಕೆ ಕೊಡಬಹುದು.

ಇವೆಲ್ಲಕ್ಕೂ ಬಗ್ಗದ ಮಕ್ಕಳಿಗೆ ಈಗ ಹೊಸ ಚುಚ್ಚುಮದ್ದುಗಳು ಬಂದಿವೆ. ಡುಪಿಲುಮಾಬ್ ಎಂಬುದಕ್ಕೆ ಅಮೆರಿಕದಲ್ಲಿ 2022ರಲ್ಲಿ ಆರು ತಿಂಗಳು ದಾಟಿದ ಶಿಶುಗಳಿಗೂ ಅನುಮತಿ ಸಿಕ್ಕಿತು. ಬೆಲೆ ಸಾಮಾನ್ಯರ ಕೈಗೆಟುಕುವಂಥದ್ದಲ್ಲ. ಹೆಚ್ಚಿನ ಮಕ್ಕಳಿಗೆ ಅದು ಬೇಕಾಗುವುದೂ ಇಲ್ಲ. ಶಾಲೆಗೆ ಹೋಗುವ ವಯಸ್ಸಿಗೆ ಬಹುಪಾಲು ಮಕ್ಕಳ ಇಸಬು ಬಹಳ ಕಡಿಮೆಯಾಗಿರುತ್ತದೆ. ಹಾಲು, ಮೊಟ್ಟೆಯ ಅಲರ್ಜಿಯೂ ಹಲವರಲ್ಲಿ ಹೋಗಿಬಿಡುತ್ತದೆ. ಕಡಲೆಕಾಯಿಯದು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಆ ಏಳು ತಿಂಗಳ ಮಗುವಿಗೆ ಪತ್ರ ಬರೆದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸಿದೆ. ಐದು ದಿನ ಒಳಗೆ ಇರಿಸಿಕೊಂಡರು. ಸೋಂಕಿಗೆ ಆಂಟಿಬಯಾಟಿಕ್, ಸೌಮ್ಯ ಸ್ಟಿರಾಯ್ಡ್ ಮುಲಾಮು, ಅದರ ಮೇಲೆ ಒದ್ದೆ ಹತ್ತಿಬಟ್ಟೆ ಸುತ್ತುವ ವಿಧಾನವನ್ನು ದಾದಿಯರು ತಾಯಿಗೂ ಅಜ್ಜಿಗೂ ಕಲಿಸಿಕೊಟ್ಟರು. ಮೂರನೆಯ ರಾತ್ರಿ ಮಗು ಆರು ಗಂಟೆ ಒಂದೇ ಸಮನೆ ಮಲಗಿತಂತೆ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ತಾಯಿ ಎರಡು ಸಲ ಎದ್ದು ಮೂಗಿನ ಬಳಿ ಕೈಯಿಟ್ಟು ನೋಡಿದರಂತೆ. ಮಕ್ಕಳ ವಿಭಾಗದವರು ಪಟ್ಟಿಯಲ್ಲಿದ್ದ ಪದಾರ್ಥಗಳನ್ನೆಲ್ಲ ಒಂದೊಂದಾಗಿ ಮರಳಿ ಕೊಡಿಸಿದರು. ರಾಗಿ ಸರಿ, ಬೇಳೆ ಕಟ್ಟು, ಮೊಸರು, ಗೋಧಿ ಯಾವುದರಿಂದಲೂ ತೊಂದರೆಯಾಗಲಿಲ್ಲ. ಕಡಲೆಕಾಯಿಯನ್ನು ಚರ್ಮದ ಪರೀಕ್ಷೆ ಮಾಡಿದ ಮೇಲೆ ಆಸ್ಪತ್ರೆಯಲ್ಲೇ ಕೊಟ್ಟು ನೋಡಿದರು, ಅದೂ ಒಗ್ಗಿತು. ಉಳಿದದ್ದು ಮೊಟ್ಟೆ ಒಂದೇ. ಕಳೆದ ವಾರ ಲಸಿಕೆಗೆಂದು ನನ್ನಲ್ಲಿಗೆ ಬಂದಾಗ ಹನ್ನೊಂದು ತಿಂಗಳಿಗೆ ತೂಕ 8 ಕಿಲೋ 400 ಗ್ರಾಂ ಇತ್ತು. ಮಂಡಿಯ ಹಿಂದೆ ಸ್ವಲ್ಪ ಕೆಂಪು ಉಳಿದಿದೆ. ಮುಲಾಮು ಮುಗಿದಿದೆ ಎಂದರು, ಬರೆದುಕೊಟ್ಟೆ. ಮೊಟ್ಟೆಯ ಪರೀಕ್ಷೆಗೆ ಒಂದೂವರೆ ವರ್ಷ ತುಂಬಿದ ಮೇಲೆ ಮತ್ತೆ ಬರಹೇಳಿದ್ದಾರೆ.